ಕೌನ್ಸೆಲಿಂಗ್ ತರಬೇತಿಗೆ ಸಂದರ್ಶನ: ಬುದ್ಧಿ ಹೇಳೋ ಅಭ್ಯಾಸ ಬಾಗಿಲ ಹೊರಗಿರಲಿ

ಡಿಗ್ರಿ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಕೌನ್ಸೆಲಿಂಗ್ ತರಬೇತಿಗೆ ಅರ್ಜಿ ಹಾಕ್ತಿದ್ದಾರೆ. “ಉಸ್ತಾದ್, ಇಂಟರ್‌ವ್ಯೂಗೆ ಏನು ಓದಬೇಕು?” ಅಂತ ಕೇಳ್ತಾರೆ. ಓದೋದು ಸ್ವಲ್ಪ ಇದೆ. ಬಿಡಬೇಕಾದ್ದೇ ಜಾಸ್ತಿ.

ಈ ಕೆಲಸಕ್ಕೆ ನಮ್ಮ ಕಡೆ ಜನ ಬೇಕು. ಭದ್ರಾವತಿಯನ್ನೇ ನೋಡಿ. ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಸಂಬಳ ನಿಂತ ಮನೆಯ ಜಗಳ, ಮೌನ, ನಿದ್ದೆಯಿಲ್ಲದ ರಾತ್ರಿಗಳು ಪತ್ರಿಕೆಯಲ್ಲಿ ಬರೋದಿಲ್ಲ. ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ (ನಿಧನ 2016) ಇಂಥ ವಿಷಯವನ್ನು ಆಸ್ಪತ್ರೆಯ ಗೋಡೆ ದಾಟಿಸಿ ಸಿನಿಮಾದವರೆಗೂ ಒಯ್ದರು. ‘ಕಾಡಿನ ಬೆಂಕಿ’ ಹಳಬರಿಗೆ ನೆನಪಿರಬೇಕು. ಅವರ ಹೆಸರಿನ ಕಾಲೇಜು ಇದೇ ಊರಲ್ಲಿ ಮನಃಶಾಸ್ತ್ರ ಕಲಿಸುತ್ತದೆ. ಕಲಿಯೋಕೆ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ.

ಸಂದರ್ಶನದ ಮೊದಲ ಪ್ರಶ್ನೆ ಸಾಮಾನ್ಯವಾಗಿ “ಯಾಕೆ ಈ ಕೋರ್ಸು?” ಅಂತಲೇ. “ಸಮಾಜ ಸೇವೆ ಮಾಡ್ಬೇಕು” ಅನ್ನೋ ಉತ್ತರ ಎಲ್ಲರೂ ಕೊಡ್ತಾರೆ. ನೀವು ಕಂಡ ಒಂದು ಸಂಗತಿ ಹೇಳಿ, ಆದರೆ ಯಾರ ಹೆಸರೂ ಗುರುತೂ ಬೇಡ. ಪಕ್ಕದ ಮನೆಯವರ ಗುಟ್ಟನ್ನು ಸಂದರ್ಶನದಲ್ಲೇ ಬಿಚ್ಚಿಟ್ಟವರನ್ನು ಯಾರು ನಂಬ್ತಾರೆ?

ಆಮೇಲೆ ಒಬ್ಬರು ಎದುರು ಕೂತು “ನಾನು ಕೆಲಸ ಕಳ್ಕೊಂಡಿದೀನಿ, ಮನೇಲಿ ಯಾರ ಹತ್ರಾನೂ ಮಾತು ಬೇಡ ಅನ್ಸುತ್ತೆ. ಈಗ ನನ್ನ ಜೊತೆ ಮಾತಾಡಿ” ಅನ್ನಬಹುದು. ನಮ್ಮವರ ಬಾಯಿಗೆ ತಕ್ಷಣ ಬರೋದು “ಸಬ್ರ್ ಮಾಡಿ, ಎಲ್ಲ ಸರಿಹೋಗುತ್ತೆ.” ಆ ಮಾತು ಸುಳ್ಳಲ್ಲ, ಅದಕ್ಕೂ ಹೊತ್ತಿದೆ. ಆದರೆ ಆ ಕ್ಷಣದಲ್ಲಿ ಎದುರಿನವರ ಬಾಯಿ ಮುಚ್ಚಿಹೋಗುತ್ತೆ. “ರಾತ್ರಿ ಮಲಗಿದಾಗ ಏನು ಯೋಚನೆ ಬರುತ್ತೆ?” ಅಂತ ಕೇಳಿ ಸುಮ್ಮನಿರಿ. ಆ ಸುಮ್ಮನಿರೋದೇ ಕಷ್ಟ. ಅಕ್ಕತಂಗಿಯರು ಮನೆಯಲ್ಲೇ ಅಭ್ಯಾಸ ಮಾಡಬಹುದು: ಒಬ್ಬಳು ಐದು ನಿಮಿಷ ಮಾತಾಡಲಿ, ಇನ್ನೊಬ್ಬಳು ಸಲಹೆ ಕೊಡದೆ ಕೇಳಿ, ಕೇಳಿದ್ದನ್ನು ತನ್ನ ಮಾತಲ್ಲಿ ವಾಪಸ್ ಹೇಳಲಿ. “ಇಲ್ಲ, ನಾನು ಹಾಗೆ ಹೇಳ್ಲಿಲ್ಲ” ಅನ್ನೋ ಉತ್ತರ ಎಷ್ಟು ಸಲ ಬರುತ್ತೆ ಅಂತ ಎಣಿಸಿ.

ಎಡವೋದು ಗುಟ್ಟಿನ ಪ್ರಶ್ನೆಯಲ್ಲಿ. “ಹದಿನೈದು ವರ್ಷದ ಹುಡುಗಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತಾಳೆ, ಯಾರಿಗೂ ಹೇಳ್ಬೇಡಿ ಅಂತಾಳೆ. ಏನ್ ಮಾಡ್ತೀರಿ?” ಗುಟ್ಟು ಕಾಯ್ತೀನಿ ಅನ್ನೋದು ಇಲ್ಲಿ ತಪ್ಪು ಉತ್ತರ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಹಿರಿಯರು ಕೂತು ಒಳಗೊಳಗೇ ಮುಗಿಸುವ ಪದ್ಧತಿಗೆ ಇದರಲ್ಲಿ ಜಾಗವಿಲ್ಲ. ಇದನ್ನು ಅಭ್ಯರ್ಥಿಗಳು ಮಾತ್ರವಲ್ಲ, ನಮ್ಮ ಜಮಾಅತ್ ಕಮಿಟಿಯವರೂ ಓದಿಕೊಳ್ಳಲಿ. ಗುಟ್ಟಿಗೆ ಎಲ್ಲಿ ಮಿತಿ ಇದೆ ಅನ್ನೋದನ್ನು ಮಾತಿನ ಆರಂಭದಲ್ಲೇ ತಿಳಿಸೋದು ಕೌನ್ಸೆಲರ್ ಕೆಲಸ.

ಆತ್ಮಹತ್ಯೆಯ ಬಗ್ಗೆಯೂ ಕೇಳಬಹುದು. “ಸಾಯ್ಬೇಕು ಅನ್ಸಿದೆಯಾ?” ಅಂತ ನೇರ ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ನಂಬಿಕೆ. ಕೇಳಬೇಕು, ಒಂಟಿಯಾಗಿ ಬಿಡಬಾರದು, ವೈದ್ಯರ ಹತ್ತಿರ ಕಳಿಸಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ನಂಬರ್ ಬಾಯಿಪಾಠ ಇರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಜೀವ ಕಳೆದುಕೊಳ್ಳಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಮೊದಲು ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವ ಹೊಣೆ ಸರ್ಕಾರದ್ದು.

ಬ್ಯಾರಿ, ಉರ್ದು, ಕನ್ನಡ ಬರುತ್ತೆ ಅಂತ ಸಂಕೋಚವಿಲ್ಲದೆ ಹೇಳಿ. ಕನ್ನಡದಲ್ಲಿ ದುಃಖ ಹೇಳಲು ಬಾರದ ಉಮ್ಮಂದಿರು ನಮ್ಮಲ್ಲಿ ಎಷ್ಟು ಜನ ಇದ್ದಾರೆ!

ಕೊನೆಗೆ “ನೀವೇನಾದ್ರೂ ಕೇಳೋದಿದೆಯಾ?” ಅನ್ನುತ್ತಾರೆ. ಇಲ್ಲ ಅಂತ ಎದ್ದು ಬರಬೇಡಿ. ಹಿರಿಯ ಕೌನ್ಸೆಲರ್ ಕೈಕೆಳಗೆ ಎಷ್ಟು ಗಂಟೆ ಅಭ್ಯಾಸ ಸಿಗುತ್ತೆ, ಸರ್ಟಿಫಿಕೇಟಿಗೆ ಎಲ್ಲೆಲ್ಲಿ ಮಾನ್ಯತೆ ಇದೆ ಅಂತ ಕೇಳಿ. ಕೆಲವು ತಿಂಗಳ ಕೋರ್ಸು ಮುಗಿಸಿದವರು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕೋ ಹಾಗಿಲ್ಲ. ಭದ್ರಾವತಿಯಿಂದ ಹೋಗಿಬರುವವರು ತರಗತಿ ಎಷ್ಟು ಗಂಟೆಗೆ ಬಿಡುತ್ತೆ ಅಂತಲೂ ಕೇಳಿಕೊಳ್ಳಿ. ಮನೆಯಲ್ಲಿ ಮೊದಲು ಬರೋದು ಅದೇ ಪ್ರಶ್ನೆ.