ಗ್ರಾಮ ಪಂಚಾಯತಿಯ ಲೆಕ್ಕವೂ ಜಮಾಬಂದಿಯೂ

ಪೂರ್ವದ ಮೈಸೂರು ಸೀಮೆಯಲ್ಲಿ ಕಂದಾಯ ವಸೂಲು ಮಾಡುವವನು ಪಟೇಲ, ಲೆಕ್ಕ ಬರೆಯುವವನು ಶಾನುಭೋಗ. ಹಣ ಮುಟ್ಟಿದ ಕೈ ಪುಸ್ತಕ ಮುಟ್ಟಕೂಡದೆಂಬುದೇ ಈ ಏರ್ಪಾಡಿನ ಹುರುಳು. ಇಬ್ಬರೂ ಒಳಗೊಳಗೆ ಒಂದಾದರೆ ಏರ್ಪಾಡು ಕೆಡುವುದಾದುದರಿಂದ, ವರ್ಷಕ್ಕೊಮ್ಮೆ ಜಮಾಬಂದಿ ನಡೆಯಿಸಿ ಗ್ರಾಮದ ಲೆಕ್ಕವನ್ನು ಮೇಲಿನ ಅಧಿಕಾರಿಗಳು ತನಿಖೆ ಮಾಡುತ್ತಿದ್ದರು. 1961ರ ಕಾಯಿದೆಯಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದುವು. ಜಮಾಬಂದಿಯೆಂಬ ಹೆಸರು ಮಾತ್ರ ಗ್ರಾಮ ಪಂಚಾಯತಿಗಳಲ್ಲಿ ಉಳಿದಿರುವುದು. ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಗ್ರಾಮಮುಖಂಡರು ಇದನ್ನು ಬರಿಯ ಕಚೇರಿಯ ಶಾಸ್ತ್ರವೆಂದು ಬಗೆಯುವುದು ಉಚಿತವಲ್ಲ.

1993ರ ಪಂಚಾಯತ್ ರಾಜ್ ಕಾಯಿದೆ ಮತ್ತು 2006ರ ಆಯವ್ಯಯ ಹಾಗೂ ಲೆಕ್ಕಪತ್ರಗಳ ನಿಯಮಗಳಲ್ಲಿ ಹಳೆಯ ತತ್ತ್ವವೇ ಹೊಸ ರೂಪದಲ್ಲಿ ಕಾಣುವುದು. ಕರವಸೂಲಿಗಾರನು ರಸೀದಿ ಕೊಟ್ಟು ಹಣ ಪಡೆಯಬೇಕು. ಆ ಹಣ ಬ್ಯಾಂಕಿಗೆ ಸೇರಬೇಕು. ಚೆಕ್ಕಿಗೆ ಅಧ್ಯಕ್ಷರದೂ ಅಭಿವೃದ್ಧಿ ಅಧಿಕಾರಿಯದೂ ರುಜು ಬೀಳಬೇಕು. ಒಬ್ಬರು ಮುಂಚಿತವಾಗಿಯೇ ಖಾಲಿ ಚೆಕ್ಕುಗಳಿಗೆ ರುಜು ಮಾಡಿಟ್ಟರೆ ಎರಡು ರುಜುಗಳ ಉದ್ದೇಶವೇ ನಿಷ್ಫಲವಾಗುವುದು. ಇಂಥ ಸಡಿಲಿಕೆ ವಿಶ್ವಾಸದ ಹೆಸರಿನಲ್ಲಿ ನಡೆಯುವುದೇ ಹೆಚ್ಚು.

ಒಕ್ಕಲುತನಕ್ಕೆ ಸಂಬಂಧಪಟ್ಟ ಕಾಮಗಾರಿಗಳಲ್ಲಿ ಅಪಾಯ ಇನ್ನೂ ಅಧಿಕ. ಕೃಷಿಹೊಂಡವನ್ನು ಬೇಸಗೆಯಲ್ಲಿ ತೋಡುತ್ತಾರೆ. ಮುಂಗಾರಿನಲ್ಲಿ ಅದು ತುಂಬಿದ ಮೇಲೆ ಆಳವನ್ನು ಅಳೆಯುವ ಬಗೆ ಹೇಗೆ? ಎರೆಭೂಮಿಯ ಬದುವಂತೂ ಒಂದೆರಡು ಮಳೆಗೇ ಕುಸಿದು ತಗ್ಗುವುದು. ಆಗ ಅಳತೆಪುಸ್ತಕದಲ್ಲಿ ಬರೆದ ಎತ್ತರ ಸುಳ್ಳೋ, ಮಳೆ ತಿಂದ ಮಣ್ಣು ಎಷ್ಟೋ ನಿರ್ಣಯಿಸುವುದು ಕಷ್ಟ. ಆದುದರಿಂದ ಹಣ ಪಾವತಿಯಾಗುವುದಕ್ಕೆ ಮೊದಲೇ, ಹೊಲದ ಯಜಮಾನನ ಎದುರಿನಲ್ಲಿ ಟೇಪು ಹಿಡಿಯತಕ್ಕುದು. ಕೂಲಿಯವರ ಹಾಜರಿಪಟ್ಟಿಯೂ ಕೆಲಸದ ಸ್ಥಳದಲ್ಲಿಯೇ ಇರತಕ್ಕುದು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ 17ನೆಯ ಪ್ರಕರಣವು ಇಂಥ ಕೆಲಸಗಳನ್ನು ಪರಿಶೋಧಿಸುವ ಹೊಣೆಯನ್ನು ಗ್ರಾಮಸಭೆಗೇ ವಹಿಸಿದುದು ಇದೇ ಕಾರಣದಿಂದ.

ಗ್ರಾಮ ಪಂಚಾಯತಿಗಳ ಲೆಕ್ಕವನ್ನು ರಾಜ್ಯದ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ತಪಾಸಣೆ ಮಾಡುವರು. ಆದರೆ ಪರಿಶೋಧಕನು ಬರುವುದು ಖರ್ಚಾದ ಮೇಲೆ. ಕೈಬಿಟ್ಟುಹೋದ ಹಣದ ಲೆಕ್ಕವನ್ನು ಅವನು ಬರೆಯಬಲ್ಲನೇ ಹೊರತು ಹೋಗುವುದನ್ನು ತಡೆಯಲಾರನು. ತಡೆಯತಕ್ಕವರು ಸಮಿತಿಗಳವರು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳಲ್ಲಿ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿಯನ್ನು ಕಾಯಿದೆಯೇ ವಿಧಿಸಿದೆ. ಜಮಾ ಖರ್ಚಿನ ತಖ್ತೆಗಳನ್ನು ಪರೀಕ್ಷಿಸುವುದು ಅದರ ಕೆಲಸ. 2021ರಲ್ಲಿ ಸದಸ್ಯರ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯದೆ, ದಾವಣಗೆರೆಯ ಜಿಲ್ಲಾ ಪಂಚಾಯತಿಯಲ್ಲಿಯೂ ಹರಿಹರದ ತಾಲ್ಲೂಕು ಪಂಚಾಯತಿಯಲ್ಲಿಯೂ, ರಾಜ್ಯದ ಇತರೆಡೆಗಳಂತೆ, ಈ ಸಮಿತಿಯ ಪೀಠಗಳು ಬರಿದಾದುವು. ಆಡಳಿತಾಧಿಕಾರಿಯು ಎಷ್ಟೇ ದಕ್ಷನಾದರೂ, ತನ್ನ ಆಜ್ಞೆಯಿಂದಾದ ಖರ್ಚನ್ನು ತಾನೇ ಪರೀಕ್ಷಿಸುವುದು ಪಟೇಲನು ಶಾನುಭೋಗಿಕೆ ಮಾಡಿದಂತೆಯೇ ಸರಿ.

ಇಂಥ ಕಾಲದಲ್ಲಿ ಜಮಾಬಂದಿಯ ಬೆಲೆ ಹೆಚ್ಚುವುದು. ಅದು ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯುವುದು. ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ನಾಟಿಯ ಗಡಿಬಿಡಿಯೂ ಹೆಚ್ಚು ಕಡಿಮೆ ಅದೇ ಸಮಯ. ಗದ್ದೆ ಬಿಟ್ಟು ಸಭೆಗೆ ಬರುವವರು ಯಾರು? ಮನೆಗೊಬ್ಬರು ಬರಲಾಗದಿದ್ದರೂ ಕೇರಿಗೊಬ್ಬರು ಬರುವಂತೆ ಯಜಮಾನರು ಮೊದಲೇ ಗೊತ್ತುಮಾಡಬಹುದು. ಬಂದವರು ತಮ್ಮ ನೀರಿನ ಕರದ ರಸೀದಿಯನ್ನು ತರಲಿ. ಅದೇ ಸಂಖ್ಯೆಯ ಪ್ರತಿಯನ್ನು ಪಂಚಾಯತಿಯ ಪುಸ್ತಕದಲ್ಲಿ ತೆಗೆಯಿಸಿ, ಎರಡರ ಮೊಬಲಗೂ ಒಂದೆಯೇ ಎಂದು ನೋಡಲಿ. ಬಳಿಕ ಹಿಂದಿನ ಪರಿಶೋಧನಾ ವರದಿಯಲ್ಲಿ ಆಕ್ಷೇಪಣೆಯಲ್ಲಿರಿಸಿದ ಮತ್ತು ವಸೂಲಾತಿಗೆ ಸೂಚಿಸಿದ ಬಾಬುಗಳನ್ನು ಒಂದೊಂದಾಗಿ ಓದಿಸಿ, ಯಾವುದಕ್ಕೆ ಉತ್ತರ ಹೋಗಿದೆ, ಯಾವುದು ಬಾಕಿಯಿದೆ ಎಂಬುದನ್ನು ಸಭೆಯ ನಡವಳಿಯಲ್ಲಿ ಬರೆಯಿಸತಕ್ಕುದು.