ವೇಗದ ಚಿಪ್‌ಗೆ ತಂತಿಯೇ ತೊಡಕು

ರೇಡಾರ್ ಕಳಿಸಿದ ಅಲೆ ಗುರಿಗೆ ಬಡಿದು ಮರಳುವಾಗ ಅದರೊಡನೆ ಬೇಡದ ಗದ್ದಲವೂ ಬರುತ್ತದೆ. ಅದರಿಂದ ಬೇಕಾದ ಸಂಕೇತವನ್ನು ಹೆಕ್ಕಿ ಕೊಡುವುದು ಸಿಗ್ನಲ್ ಪ್ರೊಸೆಸರ್‌ನ ಕೆಲಸ. ಇದಕ್ಕಾಗಿ ಸೆಕೆಂಡಿಗೆ ಕೋಟಿಗಟ್ಟಲೆ ಗುಣಾಕಾರ, ಸಂಕಲನ ನಡೆಯಬೇಕು. ವಿಮಾನ ದಾಟಿಹೋದ ಮೇಲೆ ಬಂದ ಉತ್ತರದಿಂದ ಪ್ರಯೋಜನವೇನು?

1980ರ ದಶಕದಲ್ಲಿ ಇಂಥ ಕೆಲಸಕ್ಕೆ ಸಿಲಿಕಾನ್ ಸಾಲದೆಂಬ ಭಾವನೆ ಬಲವಾಗಿತ್ತು. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಇಲೆಕ್ಟ್ರಾನುಗಳ ಚಲನಶೀಲತೆ ಸಿಲಿಕಾನ್‌ಗಿಂತ ಐದಾರು ಪಟ್ಟು ಹೆಚ್ಚು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಇದರ ಡಿಜಿಟಲ್ ಚಿಪ್‌ಗಳಿಗೆ ಹಣ ಒದಗಿಸಿತು. ಮಿನ್ನೆಸೋಟ ರಾಜ್ಯದ ಹೆಸರಾಂತ ಆಸ್ಪತ್ರೆ ಮೇಯೊ ಕ್ಲಿನಿಕ್‌ನ ಎಂಜಿನಿಯರುಗಳೂ ಇವುಗಳಿಂದ ಸಿಗ್ನಲ್ ಪ್ರೊಸೆಸರ್ ಕಟ್ಟುವ ಬಗೆಯನ್ನು ಅಭ್ಯಸಿಸಿದರು.

ತೊಡಕು ಕಾಣಿಸಿದ್ದು ಚಿಪ್‌ನ ಹೊರಗೆ. ಒಂದು ನ್ಯಾನೊಸೆಕೆಂಡ್, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ, ನಿರ್ವಾತದಲ್ಲಿ ಬೆಳಕು ಕ್ರಮಿಸುವುದೇ ಸುಮಾರು 30 ಸೆಂಟಿಮೀಟರ್. ಸರ್ಕಿಟ್ ಹಲಗೆಯ ಮೇಲೆ ಸಂಕೇತ ಹೋಗುವುದು ಅದರ ಅರ್ಧದಷ್ಟು ದೂರ ಮಾತ್ರ. ಒಂದು ನ್ಯಾನೊಸೆಕೆಂಡಿಗೊಂದು ಹೆಜ್ಜೆಯಿಡುವ ಯಂತ್ರದಲ್ಲಿ ಪಕ್ಕದ ಚಿಪ್ ಗೇಣುದ್ದ ಆಚೆಗಿದ್ದರೂ ಒಂದು ಹೆಜ್ಜೆ ದಾರಿಯಲ್ಲೇ ಕಳೆದುಹೋಯಿತು. ಜೊತೆಗೆ, ಕಲ್ಯಾಣಿಯ ಮೆಟ್ಟಿಲಿಗೆ ಬಡಿದ ಅಲೆ ಹಿಂದಿರುಗುವಂತೆ, ತಂತಿಯ ತುದಿ ಮುಟ್ಟಿದ ಸಂಕೇತವೂ ಮರಳಿ ಬಂದು ಮುಂದಿನದನ್ನು ಕೆಡಿಸುತ್ತದೆ. ಇದನ್ನು ತಡೆಯಲು ತುದಿಯಲ್ಲಿ ತಕ್ಕ ರೋಧಕವಿಡಬೇಕು. ಹೀಗೆ ಪ್ರತಿಯೊಂದು ಗೆರೆಯ ಉದ್ದ, ಅಗಲ, ತಿರುವುಗಳೂ ಲೆಕ್ಕಕ್ಕೆ ಬಂದವು. ದೂರ ತಗ್ಗಿಸಲು ಚಿಪ್‌ಗಳನ್ನು ಒತ್ತೊತ್ತಾಗಿ ಕೂರಿಸಿದರೆ ಶಾಖ ಕಾಡುತ್ತಿತ್ತು.

ಸೂಪರ್‌ಕಂಪ್ಯೂಟರ್ ನಿರ್ಮಾತೃ ಸೆಮೂರ್ ಕ್ರೇ ಎದುರಿಸಿದ್ದೂ ಇದನ್ನೇ. ಅವರ ಕ್ರೇ-3 ಯಂತ್ರದಲ್ಲಿ ಗ್ಯಾಲಿಯಂ ಆರ್ಸೆನೈಡ್ ಚಿಪ್‌ಗಳನ್ನು ಅಂಗೈಯಗಲದ ಘಟಕಗಳಲ್ಲಿ ಪದರ ಪದರವಾಗಿ ಜೋಡಿಸಿ, ತಂಪುಗೊಳಿಸುವ ದ್ರವದಲ್ಲಿ ಮುಳುಗಿಸಲಾಗಿತ್ತು. 1993ರಲ್ಲಿ ಕೊಲರಾಡೊದ ಹವಾಮಾನ ಸಂಶೋಧನಾ ಕೇಂದ್ರವೊಂದಕ್ಕೆ ಒಂದು ಯಂತ್ರ ಹೋಯಿತು. ಕೊಳ್ಳುವವರಿಲ್ಲದೆ 1995ರಲ್ಲಿ ಕಂಪನಿ ದಿವಾಳಿಯಾಯಿತು.

ಅತ್ತ ಸಿಲಿಕಾನ್ ಸುಮ್ಮನಿರಲಿಲ್ಲ. ಅದರ ಮೈಮೇಲೆ ಬೆಳೆಸಬಹುದಾದ ಆಕ್ಸೈಡ್ ಉತ್ತಮ ಅವಾಹಕ. ಗ್ಯಾಲಿಯಂ ಆರ್ಸೆನೈಡ್‌ಗೆ ಆ ವರವಿಲ್ಲ, ಮೇಲಾಗಿ ಅದು ದುಬಾರಿ, ಸುಲಭವಾಗಿ ಒಡೆಯುವಂಥದು. ಸಿಲಿಕಾನ್ ಟ್ರಾನ್ಸಿಸ್ಟರುಗಳು ಕಿರಿದಾಗುತ್ತ ಬಂದು, ಹಲಗೆ ತುಂಬ ಹರಡಿದ್ದ ಪ್ರೊಸೆಸರ್ ಒಂದೇ ಚಿಪ್‌ನೊಳಗೆ ಅಡಗಿತು. ಸಂಕೇತ ನಡೆಯಬೇಕಾದ ದಾರಿಯೇ ಮೊಟಕಾಯಿತು. ಗ್ಯಾಲಿಯಂ ಆರ್ಸೆನೈಡ್ ಇಂದು ಮೊಬೈಲ್ ಫೋನಿನ ರೇಡಿಯೊ ವರ್ಧಕಗಳಲ್ಲಿ, ಲೇಸರ್‌ಗಳಲ್ಲಿ ನೆಲೆ ಕಂಡುಕೊಂಡಿದೆ. ಲೆಕ್ಕದ ಪಂದ್ಯವನ್ನು ಗೆದ್ದದ್ದು ಮಾತ್ರ ವೇಗದ ಓಟಗಾರನಲ್ಲ, ದೂರವನ್ನೇ ಕಡಿಮೆ ಮಾಡಿಕೊಂಡವನು.