ನೀವು ಹಾಕದ ಆ್ಯಪ್ ನಿಮ್ಮ ಫೋನಲ್ಲಿ ಯಾಕಿದೆ? ಬೇಡದ್ದನ್ನ ತೆಗೆಯೋದು, ಪರ್ಮಿಷನ್ ಬಿಗಿ ಮಾಡೋದು ಹೀಗೆ

ವೇಮಗಲ್: ಹತ್ತು ಹನ್ನೆರಡು ಸಾವಿರ ಕೊಟ್ಟು ಹೊಸ ಫೋನ್ ತರ್ತೀವಿ. ಡಬ್ಬಿ ತೆಗೆದು ಸಿಮ್ ಹಾಕಿ ಆನ್ ಮಾಡಿದ್ರೆ ನಾವು ಹಾಕದೇ ಇರೋ ಆ್ಯಪ್‌ಗಳು ಆಗಲೇ ಒಳಗೆ ಕೂತಿರ್ತವೆ. ಗೇಮು, ಶಾಪಿಂಗು, ಸುದ್ದಿ, ಲಾಕ್ ಸ್ಕ್ರೀನ್ ಮೇಲೆ ಸಿನಿಮಾ ಫೋಟೊ. ಸ್ವಲ್ಪ ದಿನಕ್ಕೇ ಸ್ಟೋರೇಜ್ ಫುಲ್, ಫೋನ್ ಸ್ಲೋ. ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ "ಹೋಯ್ತಣ್ಣ" ಅಂದಾಗ ದುಡ್ಡು ಬಂತಾ ಅಂತ ನೋಡೋಕೆ ನಮ್ಮ ಫೋನೇ ಓಪನ್ ಆಗಲ್ಲ.

ಪಕ್ಕದ ನರಸಾಪುರದ ಕಾರ್ಖಾನೆಯಲ್ಲಿ ಐಫೋನ್ ಜೋಡಿಸ್ತಾರೆ ನಿಜ. ಆದ್ರೆ ನಮ್ಮ ಹೋಬಳಿಯ ಅಂಗಡಿ, ಮಂಡಿ, ಹಾಲಿನ ಡೇರಿಗಳಲ್ಲಿ ಜನರ ಕೈಲಿ ಹೆಚ್ಚಾಗಿ ಕಾಣೋದು ಆಂಡ್ರಾಯ್ಡ್ ಫೋನೇ. ಬ್ಯಾಂಕ್ ಖಾತೆ, ಒಟಿಪಿ ಮೆಸೇಜು, ಉದ್ರಿ ಕೊಟ್ಟವರ ನಂಬರು, ಮನೆಯವರ ಫೋಟೊ, ಆಧಾರ್ ಮತ್ತು ಪಹಣಿ ಫೋಟೊ ಎಲ್ಲಾ ಅದರಲ್ಲೇ ಇರುತ್ತೆ. ಇದರಲ್ಲಿ ಯಾವ ಆ್ಯಪ್ ಏನನ್ನ ನೋಡಬಹುದು ಅಂತ ತೀರ್ಮಾನ ಮಾಡೋದು ಪರ್ಮಿಷನ್. ಒಂದರ್ಧ ಗಂಟೆ ಬಿಡುವು ಮಾಡ್ಕೊಂಡು ಕೂತ್ರೆ ನಾವೇ ಸರಿ ಮಾಡ್ಕೊಬಹುದು. ಯಾರಿಗೂ ದುಡ್ಡು ಕೊಡೋದು ಬೇಕಿಲ್ಲ.

ಪರ್ಮಿಷನ್ ಅಂದ್ರೆ ಏನು?

ಅಂಗಡಿಗೆ ಹೊಸ ಹುಡುಗನ್ನ ಕೆಲಸಕ್ಕೆ ಇಟ್ಕೊಂಡ್ರೆ ಮೊದಲ ದಿನವೇ ಗಲ್ಲಾಪೆಟ್ಟಿಗೆ ಬೀಗದ ಕೈ, ಮನೆ ಬೀಗದ ಕೈ ಎರಡೂ ಕೊಡ್ತೀವಾ? ಇಲ್ಲ. ಆದ್ರೆ ಆ್ಯಪ್ ಹಾಕಿದ ತಕ್ಷಣ ಬರೋ ಪ್ರಶ್ನೆಗಳಿಗೆ ಓದದೇ 'ಅಲೋ, ಅಲೋ, ಅಲೋ' ಅಂತ ಒತ್ತಿಬಿಡ್ತೀವಿ. ಕ್ಯಾಮೆರಾ, ಮೈಕ್, ಲೊಕೇಶನ್, ಕಾಂಟ್ಯಾಕ್ಟ್ಸ್, ಎಸ್‌ಎಂಎಸ್, ಫೋಟೊ, ಕಾಲ್ ಲಾಗ್ ಇವೆಲ್ಲ ಒಂದೊಂದು ಬೀಗದ ಕೈ ಇದ್ದಂಗೆ.

ಮುಂಚೆ ಆ್ಯಪ್ ಹಾಕುವಾಗಲೇ ಎಲ್ಲಕ್ಕೂ ಒಟ್ಟಿಗೆ ಒಪ್ಪಬೇಕಿತ್ತು, ಇಲ್ಲಾಂದ್ರೆ ಆ್ಯಪೇ ಇಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಬಿಡಿಬಿಡಿಯಾಗಿ ಕೇಳೋ ಪದ್ಧತಿ ಬಂತು. 2019ರ ಆಂಡ್ರಾಯ್ಡ್ 10ರಲ್ಲಿ ಲೊಕೇಶನ್‌ಗೆ 'ಆ್ಯಪ್ ಬಳಸುವಾಗ ಮಾತ್ರ' ಅನ್ನೋ ಆಯ್ಕೆ, 2020ರ ಆಂಡ್ರಾಯ್ಡ್ 11ರಲ್ಲಿ 'ಈ ಸಲ ಮಾತ್ರ' ಅನ್ನೋ ಆಯ್ಕೆ ಸೇರಿತು. 2021ರ ಆಂಡ್ರಾಯ್ಡ್ 12ರಿಂದ ಯಾವುದಾದ್ರೂ ಆ್ಯಪ್ ಮೈಕ್ ಅಥವಾ ಕ್ಯಾಮೆರಾ ಬಳಸ್ತಿದ್ರೆ ಸ್ಕ್ರೀನ್ ಮೇಲ್ಗಡೆ ಮೂಲೆಯಲ್ಲಿ ಹಸಿರು ಗುರುತು ಕಾಣುತ್ತೆ. ನೀವು ಫೋನಲ್ಲಿ ಮಾತಾಡ್ತಿಲ್ಲ, ಫೋಟೊ ತೆಗೀತಿಲ್ಲ, ಆದ್ರೂ ಹಸಿರು ಗುರುತು ಇದೆ ಅಂದ್ರೆ ಅದನ್ನ ಒತ್ತಿ ಯಾವ ಆ್ಯಪ್ ಅಂತ ನೋಡಿ.

ಬೇಡದ ಪರ್ಮಿಷನ್ ಕೊಟ್ರೆ ಏನಾಗುತ್ತೆ ಅನ್ನೋದಕ್ಕೆ ಹಳೇ ಉದಾಹರಣೆ ಒಂದಿದೆ. 'ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್' ಅನ್ನೋ ಫ್ರೀ ಟಾರ್ಚ್ ಆ್ಯಪ್ ಜನರ ಲೊಕೇಶನ್ ತಗೊಂಡು ಜಾಹೀರಾತು ಕಂಪನಿಗಳಿಗೆ ಕಳಿಸ್ತಿತ್ತು ಅಂತ 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಕ್ರಮ ತಗೊಂಡಿತ್ತು. ಟಾರ್ಚ್ ಹಚ್ಚೋಕೆ ನಾವು ಎಲ್ಲಿದೀವಿ ಅಂತ ಗೊತ್ತಾಗಬೇಕಾ? ಪ್ರತಿ ಆ್ಯಪ್‌ಗೂ ಇದೇ ಪ್ರಶ್ನೆ ಕೇಳ್ಕೊಂಡ್ರೆ ಸಾಕು.

ಎಲ್ಲಿ ನೋಡಬೇಕು?

1. ಸೆಟ್ಟಿಂಗ್ಸ್ ಓಪನ್ ಮಾಡಿ 'ಪ್ರೈವೆಸಿ' ಅಥವಾ 'ಸೆಕ್ಯುರಿಟಿ ಅಂಡ್ ಪ್ರೈವೆಸಿ' ಒಳಗೆ ಹೋಗಿ. ಅಲ್ಲಿ 'ಪರ್ಮಿಷನ್ ಮ್ಯಾನೇಜರ್' ಇರುತ್ತೆ. ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರ್ತಾರೆ. ಸಿಗದಿದ್ರೆ ಸೆಟ್ಟಿಂಗ್ಸ್ ಮೇಲಿರೋ ಹುಡುಕೋ ಜಾಗದಲ್ಲಿ 'ಪರ್ಮಿಷನ್' ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ.

2. ಮೊದಲು ಎಸ್‌ಎಂಎಸ್ ಒತ್ತಿ. ಯಾರ್ಯಾರಿಗೆ ಕೊಟ್ಟಿದೀರಿ ಅಂತ ಪಟ್ಟಿ ಬರುತ್ತೆ. ಬೇಡದ ಆ್ಯಪ್ ಒತ್ತಿ 'ಡೋಂಟ್ ಅಲೋ' ಮಾಡಿ.

3. ಹೀಗೇ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಮೈಕ್, ಕ್ಯಾಮೆರಾ, ಲೊಕೇಶನ್, ಫೋಟೊ ಒಂದೊಂದೇ ನೋಡ್ತಾ ಬನ್ನಿ.

4. ಲೊಕೇಶನ್‌ನಲ್ಲಿ 'ಆಲ್ ದ ಟೈಮ್' ಅಂತ ಇರೋ ಆ್ಯಪ್‌ಗಳನ್ನ 'ಬಳಸುವಾಗ ಮಾತ್ರ' ಅನ್ನೋದಕ್ಕೆ ಬದಲಾಯಿಸಿ.

ತಪ್ಪಾಗಿ ತೆಗೆದ್ರೆ ಏನಾಗುತ್ತೆ ಅಂತ ಹೆದರೋದು ಬೇಡ. ಆ್ಯಪ್‌ಗೆ ನಿಜವಾಗ್ಲೂ ಬೇಕಿದ್ರೆ ಓಪನ್ ಮಾಡಿದಾಗ ಮತ್ತೆ ಕೇಳುತ್ತೆ. ಕೇಳದೇ ಇದ್ರೂ ಇದೇ ಜಾಗಕ್ಕೆ ಬಂದು ಮತ್ತೆ ಕೊಡಬಹುದು.

ಯಾವ ಆ್ಯಪ್‌ಗೆ ಏನು ಕೊಡಬೇಕು?

*ಯುಪಿಐ ಆ್ಯಪ್:* ಇದರ ಎಸ್‌ಎಂಎಸ್ ಮತ್ತು ಫೋನ್ ಪರ್ಮಿಷನ್ ತೆಗೀಬೇಡಿ. ನಿಮ್ಮ ಸಿಮ್ ಇದೇ ಫೋನಲ್ಲಿ ಇದೆ ಅಂತ ಖಾತ್ರಿ ಮಾಡ್ಕೊಳ್ಳೋಕೆ ಈ ಆ್ಯಪ್‌ಗಳು ನಿಮ್ಮ ನಂಬರಿಂದ ಒಂದು ಮೆಸೇಜ್ ಕಳಿಸ್ತವೆ. ಕ್ಯೂಆರ್ ಸ್ಕ್ಯಾನ್ ಮಾಡೋಕೆ ಕ್ಯಾಮೆರಾ ಬೇಕು, 'ಬಳಸುವಾಗ ಮಾತ್ರ' ಅಂತ ಕೊಡಿ. ಕಾಂಟ್ಯಾಕ್ಟ್ಸ್ ಕೊಡದಿದ್ರೂ ನಂಬರ್ ಟೈಪ್ ಮಾಡಿ ದುಡ್ಡು ಕಳಿಸಬಹುದು.

*ಅಂಗಡಿಯವರು ಗಮನಿಸಿ:* ಸೌಂಡ್ ಬಾಕ್ಸ್‌ಗೆ ಅದರದ್ದೇ ಸಿಮ್ ಇರೋದ್ರಿಂದ ಫೋನಲ್ಲಿ ಏನು ಬದಲಾಯಿಸಿದ್ರೂ ಅದಕ್ಕೆ ಸಂಬಂಧ ಇಲ್ಲ. ಆದ್ರೆ ಬಾಕ್ಸ್ ಇಲ್ಲದೇ ಫೋನಲ್ಲೇ "ಇಷ್ಟು ರೂಪಾಯಿ ಬಂದಿದೆ" ಅಂತ ಹೇಳಿಸ್ಕೊಳ್ಳೋರು ಆ ಆ್ಯಪ್‌ನ ನೋಟಿಫಿಕೇಶನ್ ಆಫ್ ಮಾಡಬೇಡಿ, ಬ್ಯಾಟರಿ ಉಳಿತಾಯದ ಪಟ್ಟಿಗೂ ಹಾಕಬೇಡಿ. ಹಾಕಿದ್ರೆ ದುಡ್ಡು ಬಂದ್ರೂ ಸದ್ದು ಬರದೇ ಇರಬಹುದು.

*ವಾಟ್ಸಾಪ್:* ಕಾಂಟ್ಯಾಕ್ಟ್ಸ್, ಕ್ಯಾಮೆರಾ, ಮೈಕ್ ಬೇಕಾಗುತ್ತೆ. ಲೊಕೇಶನ್ ಯಾರಿಗಾದ್ರೂ ಕಳಿಸುವಾಗ 'ಈ ಸಲ ಮಾತ್ರ' ಕೊಟ್ರೆ ಸಾಕು.

*ಉದ್ರಿ ಲೆಕ್ಕದ ಆ್ಯಪ್:* ಕಾಂಟ್ಯಾಕ್ಟ್ಸ್ ಕೊಟ್ರೆ ಗಿರಾಕಿ ಹೆಸರು ಹಾಕೋದು ಸುಲಭ. ಆದ್ರೆ ಅದರ ಜೊತೆ ಫೋನಲ್ಲಿರೋ ಎಲ್ಲರ ನಂಬರೂ ಆ ಆ್ಯಪ್‌ಗೆ ಕಾಣುತ್ತೆ. ಉದ್ರಿ ಇರೋದು ಇಪ್ಪತ್ತು ಮೂವತ್ತು ಜನ ಆದ್ರೆ ಕೈಯಲ್ಲೇ ಟೈಪ್ ಮಾಡೋದು ವಾಸಿ.

*ಟಾರ್ಚ್, ಕ್ಯಾಲ್ಕುಲೇಟರ್, ಪಂಚಾಂಗ, ವಾಲ್‌ಪೇಪರ್:* ಕಾಂಟ್ಯಾಕ್ಟ್ಸ್, ಎಸ್‌ಎಂಎಸ್, ಮೈಕ್ ಯಾವುದೂ ಬೇಡ. ಕೇಳಿದ್ರೆ ಆ್ಯಪನ್ನೇ ತೆಗೀರಿ.

*ಕನ್ನಡ ಕೀಬೋರ್ಡ್:* ನೀವು ಟೈಪ್ ಮಾಡೋ ಪ್ರತಿ ಅಕ್ಷರ ಇದರ ಮೂಲಕವೇ ಹೋಗುತ್ತೆ. ಹೆಸರು ಗೊತ್ತಿಲ್ಲದ ಕೀಬೋರ್ಡ್ ಇಟ್ಕೋಬೇಡಿ.

ಇವು ಮಾತ್ರ ತುಂಬಾ ಡೇಂಜರ್

ಮಾಮೂಲಿ ಪಟ್ಟಿಯಲ್ಲಿ ಕಾಣದ ಕೆಲವು ಪರ್ಮಿಷನ್ ಇವೆ. ಸೆಟ್ಟಿಂಗ್ಸ್‌ನಲ್ಲಿ 'ಸ್ಪೆಷಲ್ ಆ್ಯಪ್ ಆ್ಯಕ್ಸೆಸ್' ಅಂತ ಹುಡುಕಿ. 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಒಳಗೆ ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲವೂ 'ನಾಟ್ ಅಲೋಡ್' ಇರಬೇಕು. 'ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್', 'ನೋಟಿಫಿಕೇಶನ್ ಆ್ಯಕ್ಸೆಸ್', 'ಡಿವೈಸ್ ಅಡ್ಮಿನ್' ಇವುಗಳಲ್ಲೂ ಗೊತ್ತಿಲ್ಲದ ಹೆಸರಿದ್ರೆ ಆಫ್ ಮಾಡಿ.

ಎಲ್ಲಕ್ಕಿಂತ ದೊಡ್ಡದು 'ಆ್ಯಕ್ಸೆಸಿಬಿಲಿಟಿ'. ಕಣ್ಣು ಕಾಣದವರಿಗೆ ಸ್ಕ್ರೀನ್ ಓದಿ ಹೇಳೋ ಆ್ಯಪ್‌ಗಳಿಗಾಗಿ ಮಾಡಿರೋ ಒಳ್ಳೇ ಸೌಲಭ್ಯ ಇದು. ಆದ್ರೆ ಇದು ಸಿಕ್ಕ ಆ್ಯಪ್ ಸ್ಕ್ರೀನ್ ಮೇಲೆ ಇರೋದನ್ನ ಓದಬಹುದು, ನಿಮ್ಮ ಪರವಾಗಿ ಬಟನ್ ಕೂಡ ಒತ್ತಬಹುದು. ಮೋಸದ ಆ್ಯಪ್‌ಗಳಿಗೆ ಬೇಕಿರೋದು ಇದೇ.

ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಅಂತ ಹೆಸರಿಟ್ಟು ವಾಟ್ಸಾಪಲ್ಲಿ ಎಪಿಕೆ ಫೈಲ್ ಬರೋದು ಈ ಕಾರಣಕ್ಕೇ. ಕರೆಯೋಲೆ ಫೋಟೊ ಅಥವಾ ಪಿಡಿಎಫ್ ಆಗಿ ಬರುತ್ತೆ, ಆ್ಯಪ್ ಆಗಿ ಬರಲ್ಲ. ಗೊತ್ತಿರೋರ ನಂಬರಿಂದಲೇ ಬಂದ್ರೂ ಒತ್ತಬೇಡಿ, ಅವರ ಫೋನೇ ಹ್ಯಾಕ್ ಆಗಿರಬಹುದು.

ಸಾಲದ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದ್ರೆ?

ಎದ್ದು ಹೊರಟುಬಿಡಿ. ಸಾಲ ತಗೊಂಡವರ ಫೋನಿಂದ ನಂಬರು, ಫೋಟೊ ಎತ್ಕೊಂಡು ಆಮೇಲೆ ನೆಂಟರಿಗೆಲ್ಲ ಫೋನ್ ಮಾಡಿ ಮಾನ ಕಳೆಯೋದು ಈ ದಂಧೆಯ ದಾರಿ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಸಾಲದ ಆ್ಯಪ್‌ಗಳು ಫೋನಿನ ಫೈಲ್, ಫೋಟೊ, ಕಾಂಟ್ಯಾಕ್ಟ್ಸ್, ಕಾಲ್ ಲಾಗ್ ಮುಟ್ಟೋ ಹಾಗಿಲ್ಲ. ಕೆವೈಸಿಗೆ ಅಂತ ಕ್ಯಾಮೆರಾ, ಮೈಕ್, ಲೊಕೇಶನ್ ಮಾತ್ರ ಒಂದು ಸಲ, ಅದೂ ನಿಮ್ಮ ಒಪ್ಪಿಗೆ ಮೇಲೆ. ಗೂಗಲ್ ಕೂಡ 2023ರ ಮೇ 31ರಿಂದ ಪ್ಲೇ ಸ್ಟೋರ್‌ನ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್ ಮತ್ತು ಫೋಟೊ ನೋಡೋದನ್ನ ನಿಷೇಧಿಸಿದೆ. ಬ್ಯಾಂಕು, ಫೈನಾನ್ಸ್ ಕಂಪನಿಗಳ ಜೊತೆ ಸೇರಿ ನಡೆಯೋ ಸಾಲದ ಆ್ಯಪ್‌ಗಳ ಪಟ್ಟಿ 2025ರ ಜುಲೈ 1ರಿಂದ ರಿಸರ್ವ್ ಬ್ಯಾಂಕ್ ವೆಬ್‌ಸೈಟಲ್ಲೇ ಇದೆ. ಹೆಸರು ಅದರಲ್ಲಿ ಇಲ್ಲ ಅಂದ್ರೆ ದೂರ ಇರಿ.

ಕಂಪನಿಯವರೇ ಹಾಕಿ ಕಳಿಸಿದ ಆ್ಯಪ್ ತೆಗೆಯೋದು ಹೇಗೆ?

ಇವುಗಳಲ್ಲಿ ಮೂರು ಥರ ಇವೆ. ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್' ಒಳಗೆ ಹೋಗಿ ಆ್ಯಪ್ ಹೆಸರು ಒತ್ತಿದ್ರೆ ಯಾವ ಥರ ಅಂತ ಗೊತ್ತಾಗುತ್ತೆ.

ಮೊದಲನೇದು, 'ಅನ್‌ಇನ್‌ಸ್ಟಾಲ್' ಬಟನ್ ಇರೋವು. ಗೇಮು, ಶಾಪಿಂಗ್ ಆ್ಯಪ್‌ಗಳು ಹೆಚ್ಚಾಗಿ ಇದೇ ಥರ. ಒತ್ತಿ, ಪೂರ್ತಿ ಹೋಗುತ್ತೆ.

ಎರಡನೇದು, 'ಡಿಸೇಬಲ್' ಮಾತ್ರ ಇರೋವು. ಇವು ಫೋನಿನ ಸಿಸ್ಟಮ್ ಭಾಗದಲ್ಲೇ ಕೂತಿರ್ತವೆ. ಮೂರು ಚುಕ್ಕಿ ಒತ್ತಿದ್ರೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಇದ್ರೆ ಮೊದಲು ಅದನ್ನ ಮಾಡಿ, ಆಮೇಲೆ ಡಿಸೇಬಲ್ ಮಾಡಿ. ಅಪ್‌ಡೇಟು, ಡೇಟಾ ತಿಂದಿದ್ದ ಜಾಗ ವಾಪಸ್ ಸಿಗುತ್ತೆ. ಮೂಲ ಆ್ಯಪ್ ಇರೋ ಜಾಗ ಸಿಗಲ್ಲ, ಆದ್ರೆ ಅದು ಹಿಂದೆ ಓಡೋದು, ನೋಟಿಫಿಕೇಶನ್ ಕಳಿಸೋದು ನಿಲ್ಲುತ್ತೆ. ಐಕಾನ್ ಕೂಡ ಕಾಣಲ್ಲ.

ಮೂರನೇದು, ಎರಡೂ ಬಟನ್ ಇಲ್ಲದವು. ಇವುಗಳ ನೋಟಿಫಿಕೇಶನ್ ಆಫ್ ಮಾಡಿ, ಪರ್ಮಿಷನ್ ಎಲ್ಲಾ ತೆಗೀರಿ, ಹಿಂದೆ ಡೇಟಾ ಬಳಸೋದನ್ನ ನಿಲ್ಲಿಸಿ. 'ಫೋರ್ಸ್ ಸ್ಟಾಪ್' ಒತ್ತಿದ್ರೆ ಆ ಹೊತ್ತಿಗೆ ಮಾತ್ರ ನಿಲ್ಲುತ್ತೆ, ಆಮೇಲೆ ಮತ್ತೆ ಏಳಬಹುದು.

ಲಾಕ್ ಸ್ಕ್ರೀನಲ್ಲಿ ಫೋಟೊ, ಸುದ್ದಿ ತೋರಿಸೋದು ಹಲವು ಫೋನ್‌ಗಳಲ್ಲಿ 'ಗ್ಲಾನ್ಸ್'. ಬೆಂಗಳೂರಿನ ಇನ್‌ಮೊಬಿ ಕಂಪನಿ ಶುರು ಮಾಡಿದ್ದು ಇದು. ಸೆಟ್ಟಿಂಗ್ಸ್‌ನಲ್ಲಿ ಆ ಹೆಸರು ಹುಡುಕಿ ಆಫ್ ಮಾಡಬಹುದು. ಹೊಸ ಫೋನ್ ಸೆಟಪ್ ಮಾಡುವಾಗ 'ಈ ಆ್ಯಪ್‌ಗಳನ್ನ ಹಾಕಲಾ' ಅಂತ ಟಿಕ್ ಹಾಕಿರೋ ಪಟ್ಟಿ ಬಂದ್ರೆ ಬೇಡದ ಟಿಕ್ ತೆಗೆದು ಮುಂದೆ ಹೋಗಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಇವನ್ನ ಮುಟ್ಟಬೇಡಿ

ಗೂಗಲ್ ಪ್ಲೇ ಸರ್ವಿಸಸ್, ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ, ಸಿಸ್ಟಮ್ ಯುಐ, ಫೋನ್, ಮೆಸೇಜಸ್, ಲಾಂಚರ್. ಹೆಸರು ಅರ್ಥ ಆಗದ ಆ್ಯಪ್ ಇದ್ರೆ ಹಾಗೇ ಬಿಡಿ. ಕಂಪ್ಯೂಟರ್‌ಗೆ ಫೋನ್ ಜೋಡಿಸಿ ಎಡಿಬಿ ಅನ್ನೋ ವಿಧಾನದಲ್ಲಿ ಸಿಸ್ಟಮ್ ಆ್ಯಪ್ ತೆಗೆಯೋ ವಿಡಿಯೋಗಳಿವೆ. ಗೊತ್ತಿಲ್ಲದೇ ಮಾಡಿದ್ರೆ ಫೋನ್ ಆನ್ ಆಗದೇ ಹೋಗಬಹುದು. 'ಕ್ಲೀನರ್', 'ಬೂಸ್ಟರ್' ಆ್ಯಪ್ ಹಾಕೋದೂ ಬೇಡ. ಬೇಡದ ಆ್ಯಪ್ ತೆಗೆಯೋಕೆ ಇನ್ನೊಂದು ಬೇಡದ ಆ್ಯಪ್ ಯಾಕೆ?

ಹಾಕಿ ಕಳಿಸೋಕೆ ಅವರಿಗೇನು ಹಕ್ಕು?

ಆ್ಯಪ್ ಕಂಪನಿಗಳು ಫೋನ್ ಕಂಪನಿಗಳಿಗೆ ಇದಕ್ಕೆ ದುಡ್ಡು ಕೊಡ್ತವೆ. ಕಡಿಮೆ ಬೆಲೆ ಫೋನಲ್ಲಿ ಲಾಭ ಕಡಿಮೆ, ಆ ಕೊರತೆ ಹೀಗೆ ತುಂಬಿಸ್ಕೊಳ್ತಾರೆ.

ಗೂಗಲ್ ತನ್ನ ಆ್ಯಪ್‌ಗಳನ್ನ ಫೋನ್ ಕಂಪನಿಗಳ ಮೇಲೆ ಹೇರ್ತಿದೆ ಅಂತ 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಮೊದಲೇ ಹಾಕಿರೋ ಗೂಗಲ್ ಆ್ಯಪ್‌ಗಳನ್ನ ಜನ ತೆಗೆಯೋದಕ್ಕೆ ಅಡ್ಡಿ ಮಾಡಬಾರದು ಅಂತಲೂ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡ ಎತ್ತಿಹಿಡಿದು, ಆ್ಯಪ್ ತೆಗೆಯೋ ಬಗ್ಗೆ ಇದ್ದ ಆ ಸೂಚನೆಯೂ ಸೇರಿ ಕೆಲವು ಸೂಚನೆಗಳನ್ನ ರದ್ದು ಮಾಡಿತು.

ಸರ್ಕಾರದ ಆ್ಯಪ್ ವಿಷಯದಲ್ಲೂ ಇದೇ ಜಗಳ ಆಯ್ತು. 'ಸಂಚಾರ್ ಸಾಥಿ' ಆ್ಯಪನ್ನ ಎಲ್ಲಾ ಹೊಸ ಫೋನಲ್ಲೂ ಹಾಕಿ ಕಳಿಸಬೇಕು ಅಂತ ದೂರಸಂಪರ್ಕ ಇಲಾಖೆ 2025ರ ನವೆಂಬರ್ ಕೊನೆಯಲ್ಲಿ ಆದೇಶ ಮಾಡಿತ್ತು. ಜನ, ವಿರೋಧ ಪಕ್ಷದವರು ಪ್ರಶ್ನೆ ಮಾಡಿದ ಮೇಲೆ ಡಿಸೆಂಬರ್ 3ರಂದು ಕಡ್ಡಾಯ ಅನ್ನೋದನ್ನ ವಾಪಸ್ ತಗೊಂಡಿತು. ಕಳೆದುಹೋದ ಫೋನ್ ಬ್ಲಾಕ್ ಮಾಡೋಕೆ, ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ನೋಡೋಕೆ ಅದು ಉಪಯೋಗಕ್ಕೆ ಬರುತ್ತೆ. ಬೇಕಾದವರು ಹಾಕ್ಕೊಳ್ಳಿ, ಬೇಡಾದವರು ಬಿಡಿ. ನಮ್ಮ ಫೋನಲ್ಲಿ ಏನಿರಬೇಕು ಅಂತ ಹೇಳೋದು ನಾವೇ ಆಗಬೇಕು.

ಈಗಾಗಲೇ ಎಪಿಕೆ ಒತ್ತಿಬಿಟ್ಟಿದ್ರೆ?

ಮೊದಲು ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಬೇರೆಯವರ ಫೋನಿಂದ ಬ್ಯಾಂಕ್‌ಗೆ ಹೇಳಿ ಖಾತೆ, ಯುಪಿಐ ನಿಲ್ಲಿಸಿ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ದುಡ್ಡು ತಡೆಯೋ ಅವಕಾಶ ಅಷ್ಟು ಜಾಸ್ತಿ. ಬಂದ ಮೆಸೇಜು, ನಂಬರು ಬೇರೆ ಫೋನಲ್ಲಿ ಫೋಟೊ ತೆಗೆದಿಟ್ಕೊಂಡು ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಗೆ ದೂರು ಕೊಡಿ. ಆಮೇಲೆ ಆ್ಯಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಎರಡರಲ್ಲೂ ಆ ಆ್ಯಪನ್ನ ಆಫ್ ಮಾಡಿ ಅನ್‌ಇನ್‌ಸ್ಟಾಲ್ ಮಾಡಿ. ಹೋಗಲಿಲ್ಲ ಅಂದ್ರೆ ಫೋಟೊ, ನಂಬರ್ ಬ್ಯಾಕಪ್ ತಗೊಂಡು ಫ್ಯಾಕ್ಟರಿ ರೀಸೆಟ್ ಒಂದೇ ದಾರಿ.

ನಿಮ್ಮ ಫೋನ್ ಆದ ಮೇಲೆ ಮನೆಯಲ್ಲಿ ಅಪ್ಪ, ಅಮ್ಮನ ಫೋನೂ ಒಂದ್ಸಲ ನೋಡಿ. ಪಿಂಚಣಿ, ಹಾಲಿನ ದುಡ್ಡು, ಗೃಹಲಕ್ಷ್ಮಿ ದುಡ್ಡು ಬರೋ ಖಾತೆ ಇರೋದು ಆ ಫೋನಲ್ಲೇ.